ಎಣಿಸುವ ಪ್ರೀತಿ



ರಾತ್ರಿ ಊಟಕ್ಕೆ ಬಡಿಸುವ ತಾಯಿ ಮನೆಮಂದಿಯನ್ನು ಬಾಯಿಬಿಟ್ಟು ಎಣಿಸುವುದಿಲ್ಲ. ಆದರೂ ಒಬ್ಬರು ಬಾರದಿದ್ದರೆ ಅವಳಿಗೆ ತಕ್ಷಣ ಗೊತ್ತಾಗುತ್ತದೆ. ಎಣಿಸುವುದರಲ್ಲಿಯೂ ಒಂದು ಪ್ರೀತಿ ಇದೆ. ಈ ವಾರ ಅದರ ಬಗ್ಗೆ ಧ್ಯಾನಿಸೋಣ.

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಸುಪೀರಿಯರ್ ಎಂಬ ಮಹಾ ಸರೋವರದ ಪಶ್ಚಿಮ ತುದಿಯಲ್ಲಿ, ಡುಲೂತ್ ಎಂಬ ಊರಿದೆ. ಅಲ್ಲಿ ಸರೋವರಕ್ಕೆ ಮುಖಮಾಡಿದ ಒಂದು ಗುಡ್ಡಕ್ಕೆ ಹಾಕ್ ರಿಜ್, ಅಂದರೆ ಗಿಡುಗಗಳ ದಿಬ್ಬ ಎಂದು ಹೆಸರು. ಪ್ರತಿ ವರ್ಷ ಆಗಸ್ಟ್ ಮಧ್ಯದಿಂದ ನವೆಂಬರ್‌ವರೆಗೆ ಕೆಲವರು ದುರ್ಬೀನು ಹಿಡಿದು ಅಲ್ಲಿ ಹಗಲೆಲ್ಲ ಆಕಾಶ ನೋಡುತ್ತಾ ನಿಲ್ಲುತ್ತಾರೆ. ಚಳಿಗಾಲಕ್ಕೆ ಮುಂಚೆ ದಕ್ಷಿಣಕ್ಕೆ ವಲಸೆ ಹೋಗುವ ಗಿಡುಗ, ಡೇಗೆ, ಹದ್ದುಗಳನ್ನು ಎಣಿಸಿ ಬರೆದಿಡುವುದು ಅವರ ಕೆಲಸ.

ಬಿಸಿಲಿಗೆ ನೆಲ ಕಾದಾಗ ಮೇಲೇರುವ ಗಾಳಿಯನ್ನು ಹತ್ತಿ ಈ ಹಕ್ಕಿಗಳು ತೇಲುತ್ತವೆ. ತಣ್ಣನೆಯ ನೀರಿನ ಮೇಲೆ ಅಂಥ ಗಾಳಿ ಸಿಗದು. ಆದ್ದರಿಂದ ಅವು ಸರೋವರವನ್ನು ದಾಟಲು ಹಿಂಜರಿದು, ದಡವನ್ನೇ ಹಿಡಿದು ಬಂದು, ಡುಲೂತಿನ ಮೇಲೆ ಹಾದುಹೋಗುತ್ತವೆ. 2003ರ ಸೆಪ್ಟೆಂಬರ್ 15ರಂದು, ಆ ಒಂದೇ ದಿನ, ಒಂದೇ ಜಾತಿಯ 1,01,698 ಗಿಡುಗಗಳನ್ನು ಅಲ್ಲಿ ಎಣಿಸಿದರು. ಗಿಡುಗ ರೆಕ್ಕೆ ಬಿಚ್ಚಿ ದಕ್ಷಿಣಕ್ಕೆ ಹಾರುವುದು ನಿನ್ನ ಜಾಣತನದಿಂದಲೋ ಎಂದು ದೇವರು ಯೋಬನನ್ನು ಕೇಳಿದ್ದು ನಿಮಗೆ ನೆನಪಿರಬಹುದು.

ಆದರೆ 1940ರ ದಶಕದಲ್ಲಿ ಇದೇ ದಿಬ್ಬದಲ್ಲಿ ಜನ ಕೋವಿ ಹಿಡಿದು ನಿಲ್ಲುತ್ತಿದ್ದರು. ಹಾದುಹೋಗುವ ಹಕ್ಕಿಗಳಿಗೆ ಗುಂಡು ಹೊಡೆದು ಬೀಳಿಸುವುದು ಅವರಿಗೆ ಆಟವಾಗಿತ್ತು. ಪಕ್ಷಿಪ್ರಿಯರು ಅದನ್ನು ವಿರೋಧಿಸಿ ನಿಲ್ಲಿಸಿದರು. 1972ರಿಂದ ವರ್ಷವರ್ಷವೂ ಅಲ್ಲಿ ಕ್ರಮವಾಗಿ ಎಣಿಕೆ ನಡೆದಿದೆ. ಗುಡ್ಡ ಅದೇ, ಹಕ್ಕಿಗಳ ದಾರಿಯೂ ಅದೇ, ನೋಡುವ ಮನಸ್ಸು ಮಾತ್ರ ಬದಲಾಯಿತು. ಮನಪರಿವರ್ತನೆ ಎಂದರೆ ಇದೇ ಅಲ್ಲವೇ?

ಅರಸ ದಾವೀದನೂ ಜನಗಣತಿ ಮಾಡಿಸಿದನು. ತನ್ನ ಬಳಿ ಕತ್ತಿ ಹಿಡಿಯುವವರು ಎಷ್ಟು ಮಂದಿ ಎಂದು ತಿಳಿಯುವ ಹಂಬಲ ಅವನದು. ಮುಗಿದ ಮೇಲೆ ಅವನ ಮನಸ್ಸೇ ಅವನನ್ನು ಚುಚ್ಚಿತು. ಯೇಸುಸ್ವಾಮಿ ಹೇಳಿದ ಕುರುಬನೂ ಎಣಿಸಿದನು. ಕಾಣದೆ ಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೊರಟನು. ನಮ್ಮ ಎಣಿಕೆ ಯಾರ ಎಣಿಕೆಯಂತಿದೆ?

ಇನ್ನೊಂದು ಸಂಗತಿ ಕೇಳಿ. ಪೆನ್ಸಿಲ್ವೇನಿಯದ ಹಾಕ್ ಮೌಂಟನ್ ಎಂಬ ಬೆಟ್ಟದಲ್ಲಿಯೂ ಇಂಥ ಎಣಿಕೆ ನಡೆಯುತ್ತದೆ. ಅಲ್ಲಿ 1935ರಿಂದ 39ರವರೆಗೆ ಕಂಡ ಬಿಳಿತಲೆಯ ಹದ್ದುಗಳಲ್ಲಿ ನೂರಕ್ಕೆ 40 ಎಳೆಯವು. 1955ರಿಂದ 59ರ ಹೊತ್ತಿಗೆ ಅದು 20ಕ್ಕೆ ಇಳಿದಿತ್ತು. ದೊಡ್ಡವು ಬರುತ್ತಿದ್ದವು, ಎಳೆಯವು ವಿರಳವಾಗಿದ್ದವು. 1962ರಲ್ಲಿ ರೇಚಲ್ ಕಾರ್ಸನ್ ಎಂಬ ಲೇಖಕಿ ತಮ್ಮ ಪುಸ್ತಕದಲ್ಲಿ ಈ ಲೆಕ್ಕವನ್ನು ಜಗತ್ತಿನ ಮುಂದಿಟ್ಟರು. ಡಿ.ಡಿ.ಟಿ. ಎಂಬ ಕೀಟನಾಶಕ ಮೀನಿನ ಮೂಲಕ ಹದ್ದಿನ ಒಡಲು ಸೇರಿ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುತ್ತದೆ ಎಂಬುದು ಆಮೇಲೆ ತಿಳಿಯಿತು. ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. 1972ರಲ್ಲಿ ಅಮೆರಿಕ ಆ ವಿಷವನ್ನು ನಿಷೇಧಿಸಿತು. ಹದ್ದುಗಳು ಮೆಲ್ಲಮೆಲ್ಲನೆ ಚೇತರಿಸಿಕೊಂಡವು. 2007ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ ಹೊರಬಂದವು.

ಭಾನುವಾರದ ಪೂಜೆಯಲ್ಲಿ ನಮ್ಮ ಬೆಂಚುಗಳನ್ನು ಒಮ್ಮೆ ನೋಡಿ. ಹಿರಿಯರಿದ್ದಾರೆ, ಎಳೆಯರು ಎಲ್ಲಿ? ಈ ಕಾಲದ ಮಕ್ಕಳೇ ಹೀಗೆ ಎಂದು ಬೈಯುವ ಮುನ್ನ ಆ ತಾಯಿಹದ್ದನ್ನು ನೆನೆಯಿರಿ. ಅದು ಮಮತೆಯಿಂದಲೇ ಕಾವು ಕೊಟ್ಟಿತು. ವಿಷ ತನ್ನ ಒಡಲಲ್ಲಿರುವುದು ಅದಕ್ಕೆ ತಿಳಿಯದು. ಕುಡಿದು ಬಂದ ತಂದೆಯ ಕೂಗಾಟ, ಆಸ್ತಿಗಾಗಿ ಅಣ್ಣತಮ್ಮಂದಿರ ಮುನಿಸು, ಪೂಜೆ ಮುಗಿಸಿ ಬಂದೊಡನೆ ಆಡುವ ಚಾಡಿಮಾತು, ಇವೆಲ್ಲ ಮಕ್ಕಳ ವಿಶ್ವಾಸದ ಚಿಪ್ಪನ್ನು ತೆಳುವಾಗಿಸುತ್ತವೆ. ಹದ್ದಿಗೆ ತಿಳಿಯಲಿಲ್ಲ, ನಮಗೆ ತಿಳಿದಿದೆ. ತಿಳಿದವರು ಬಿಡಬಹುದು.

ಇಂದು ರಾತ್ರಿ ಜಪಸರಕ್ಕೆ ಕುಳಿತಾಗ ಮನೆಯವರನ್ನು ಎಣಿಸಿರಿ. ದೂರದ ಊರಿನಲ್ಲಿರುವ ಮಗ, ಮುನಿಸಿಕೊಂಡು ಹೋದ ಮಗಳು, ಮಾತು ಬಿಟ್ಟ ತಮ್ಮ, ಯಾರೂ ಆ ಲೆಕ್ಕದಿಂದ ತಪ್ಪಿಹೋಗದಿರಲಿ. ಜಪ ಮುಗಿದ ಮೇಲೆ ಅವರಲ್ಲಿ ಒಬ್ಬರಿಗಾದರೂ ಫೋನ್ ಮಾಡಿರಿ. ನಮ್ಮ ತಲೆಯ ಕೂದಲನ್ನೂ ಎಣಿಸಿರುವ ತಂದೆ ಅವರನ್ನು ಮರೆತಿಲ್ಲ. ನಾವೂ ಮರೆಯದಿರೋಣ. ಆಮೆನ್.