ಉಂಡ ಮನೆಯ ಋಣ

ಗೃಹಸ್ಥನ ಧರ್ಮಗಳಲ್ಲಿ ಅತಿಥಿಸತ್ಕಾರವನ್ನು ನಮ್ಮ ಪೂರ್ವಿಕರು ಎಷ್ಟು ವಿಸ್ತಾರವಾಗಿ ವಿಧಿಸಿರುವರೆಂಬುದನ್ನು ವಾಚಕ ಮಹಾಶಯರಿಗೆ ಹೇಳಬೇಕಾದುದಿಲ್ಲ. ಪಂಚಮಹಾಯಜ್ಞಗಳಲ್ಲಿ ಮನುಷ್ಯಯಜ್ಞವೆಂಬುದು ಇದೇ. ಬಡಿಸುವವನಿಗೆ ಇಷ್ಟು ಕಟ್ಟಳೆಗಳಿರುವಾಗ ಉಣ್ಣುವವನಿಗೆ ಯಾವ ಧರ್ಮವೂ ಇಲ್ಲವೆ? ಯಾರ ಅನ್ನವನ್ನು ಉಣ್ಣಬಾರದೆಂದು ಹೇಳುವಲ್ಲಿ ಸ್ಮೃತಿಕಾರರು ತೋರಿದ ಆಸ್ಥೆಯು, ಉಂಡ ಮೇಲೆ ಹೇಗಿರಬೇಕೆಂದು ಹೇಳುವಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆ ಕೊರತೆಯನ್ನು ತುಂಬಿದುದು ನಮ್ಮ ಹಳ್ಳಿಗರ ಗಾದೆ: ಉಂಡ ಮನೆಗೆ ಎರಡು ಬಗೆಯಬೇಡ.

ಈ ವಿಚಾರಕ್ಕೆ ನಿಮಿತ್ತವಾದುದು ಅಮೆರಿಕ ದೇಶದ ಆಂಥೊನಿ ಬೋರ್ಡೇನರ ಸ್ಮರಣೆ. 1956ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇವರು ವೃತ್ತಿಯಿಂದ ಅಡಿಗೆಯವರು. 2000ನೆಯ ಇಸವಿಯಲ್ಲಿ ಹೋಟೆಲಿನ ಅಡಿಗೆಮನೆಯ ಒಳಗುಟ್ಟುಗಳನ್ನು ಕುರಿತು ಪುಸ್ತಕ ಬರೆದು ಪ್ರಸಿದ್ಧರಾದರು. ಬಳಿಕ ಹದಿನಾರು ವರ್ಷಗಳ ಕಾಲ ದೇಶದೇಶಗಳನ್ನು ಸುತ್ತಿ, ಅಲ್ಲಲ್ಲಿಯ ಜನರೊಡನೆ ಕುಳಿತು ಉಂಡು, ಆ ಊಟವನ್ನೂ ಆ ಜನರನ್ನೂ ದೂರದರ್ಶನದ ಮೂಲಕ ಲೋಕಕ್ಕೆ ತೋರಿಸಿದರು. 2018ನೆಯ ಜೂನ್ 8ರಂದು ಫ್ರಾನ್ಸಿನಲ್ಲಿ, ತಮ್ಮ 61ನೆಯ ವಯಸ್ಸಿನಲ್ಲಿ, ತಾವಾಗಿಯೇ ಪ್ರಾಣವನ್ನು ತೊರೆದರು.

ಇಲ್ಲಿ ಎರಡು ಆಕ್ಷೇಪಗಳು ಏಳುವುವು. ಭಕ್ಷ್ಯಾಭಕ್ಷ್ಯ ವಿವೇಕವಿಲ್ಲದೆ ಕಂಡುದನ್ನೆಲ್ಲ ತಿಂದವರಿಂದ ನಾವು ಕಲಿಯುವುದೇನು ಎಂಬುದು ಮೊದಲನೆಯದು. ಉಂಡ ಊಟವನ್ನು ನೋಟವಾಗಿ ಮಾರಿದವರು ಋಣ ತೀರಿಸಿದಂತಾಯಿತೆ, ಎರಡು ಬಗೆದಂತಾಯಿತೆ ಎಂಬುದು ಎರಡನೆಯದು.

ಎರಡನೆಯ ಆಕ್ಷೇಪವು ಹಗುರವಾದುದಲ್ಲ. 2016ನೆಯ ಮೇ ತಿಂಗಳಲ್ಲಿ ಬೋರ್ಡೇನರು ವಿಯೆಟ್ನಾಮಿನ ಹನೋಯ್ ನಗರದ ಒಂದು ಸಾಧಾರಣ ಹೋಟೆಲಿನಲ್ಲಿ, ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಒಬಾಮರೊಡನೆ ಕುಳಿತು ಊಟಮಾಡಿದರು. ಕುಳಿತುದು ಪ್ಲಾಸ್ಟಿಕ್ಕಿನ ಗಿಡ್ಡ ಸ್ಟೂಲುಗಳ ಮೇಲೆ. ಇಬ್ಬರ ಊಟಕ್ಕೂ ಸೇರಿ ಆದ ಖರ್ಚು 6 ಡಾಲರು. ಆಮೇಲೆ ಹೋಟೆಲಿನವರು ಆ ಮೇಜನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟರು. ಊಟಕ್ಕೆಂದು ಇದ್ದ ಮೇಜು ಯಾರೂ ಉಣ್ಣಲಾಗದ ಮೇಜಾಯಿತು. ನೋಟದ ಆಸೆಯು ಊಟವನ್ನು ನುಂಗುವ ಬಗೆಗೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇಕಿಲ್ಲ.

ಆದರೂ ಇನ್ನೊಂದು ಪಕ್ಷವುಂಟು. 1964ರಿಂದ 1973ರವರೆಗೆ ಅಮೆರಿಕವು ಲಾವೋಸ್ ದೇಶದ ಮೇಲೆ ಇಪ್ಪತ್ತು ಲಕ್ಷ ಟನ್ನುಗಳಿಗೂ ಮಿಕ್ಕ ಬಾಂಬುಗಳನ್ನು ಸುರಿಯಿತು. ಅಂದು ಸಿಡಿಯದೆ ಮಣ್ಣಿನಲ್ಲಿ ಹೂತುಹೋದವು ಇಂದಿಗೂ ರೈತರ ಮತ್ತು ಮಕ್ಕಳ ಕೈಕಾಲುಗಳನ್ನು ಕಳೆಯುತ್ತಿವೆ. ಬೋರ್ಡೇನರು ಅಲ್ಲಿಗೆ ಹೋದಾಗ ಊಟದ ರುಚಿಯನ್ನಷ್ಟೇ ಹೊಗಳಿ ಹಿಂದಿರುಗಲಿಲ್ಲ. ಅಂಗಹೀನರಾದವರ ಮುಂದೆ ಕುಳಿತು ಅವರ ಕಥೆಯನ್ನು ಕೇಳಿ, ತಮ್ಮ ದೇಶದವರೂ ಕೇಳುವಂತೆ ಮಾಡಿದರು. ಅತಿಥಿಯಾದವನು ಆತಿಥೇಯನ ದುಃಖವನ್ನೂ ತಿಳಿದುಕೊಂಡು, ಅದರಲ್ಲಿ ತನ್ನ ಮನೆಯವರ ಪಾಲೆಷ್ಟೆಂದು ಮರೆಮಾಚದೆ ಹೇಳುವುದು ಋಣವನ್ನು ತೀರಿಸುವ ಒಂದು ಬಗೆಯೇ ಸರಿ.

ಮೊದಲನೆಯ ಆಕ್ಷೇಪಕ್ಕೆ ಉತ್ತರವಿಷ್ಟೆ: ಶಾಕಾಹಾರಿಗಳನ್ನು ತಮ್ಮ ಮೊದಲ ಪುಸ್ತಕದಲ್ಲಿ ಹಳಿದವರೇ ಪಂಜಾಬಿಗೆ ಬಂದಾಗ ಅಲ್ಲಿಯ ಶಾಕಾಹಾರವನ್ನು ಮನಸಾರೆ ಹೊಗಳಿದರು. ಎಲೆಯ ಮುಂದೆ ಕುಳಿತ ಮೇಲೆ ತನ್ನ ಪೂರ್ವಾಗ್ರಹವನ್ನು ಬಿಡಬಲ್ಲವನಲ್ಲಿ ಕಲಿಯತಕ್ಕ ಗುಣವುಂಟು. ಮಾಂಸವನ್ನು ಮುಟ್ಟದವರು ಮುಟ್ಟದೆಯೇ ಇರಲಿ. ಈ ಗುಣಕ್ಕೂ ಅದಕ್ಕೂ ವಿರೋಧವಿಲ್ಲ.

ಈಗ ನಮ್ಮ ಮನೆಗಳ ಕಡೆಗೆ ತಿರುಗೋಣ. ಪರಾನ್ನವನ್ನು ವರ್ಜಿಸಿದವನು ತಾನು ಯಾರಿಗೂ ಋಣಿಯಲ್ಲವೆಂದು ಭಾವಿಸುವುದುಂಟು. ಆದರೆ ಅವನ ಎಲೆಯ ಮೇಲಿರುವುದೇನು? ಹಾಸನ ಅರಕಲಗೂಡುಗಳ ಹೊಲಗಳಲ್ಲಿ ಬೆಳೆಯುವ ಆಲೂಗಡ್ಡೆಯನ್ನು ಮೊದಲು ಬೆಳೆದವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಜನರು. ಸಾರಿನ ಮೆಣಸಿನಕಾಯಿಯೂ ಅಮೆರಿಕ ಖಂಡಗಳಿಂದಲೇ ಬಂದುದು. ನಮ್ಮ ಮುದ್ದೆಯ ರಾಗಿಯ ತವರು ಆಫ್ರಿಕದ ಎತ್ತರದ ನಾಡುಗಳು. ಹೆಸರು ತಿಳಿಯದ ಎಷ್ಟೋ ಜನರ ಅನ್ನವನ್ನು ದಿನವೂ ಉಣ್ಣುತ್ತ, ಎದುರುಮನೆಯವನ ಲೋಟದ ನೀರನ್ನು ಮಾತ್ರ ಒಲ್ಲೆನೆನ್ನುವುದು ಯಾವ ನ್ಯಾಯ?

ನಮ್ಮಲ್ಲಿ ಅನ್ನದಾನಕ್ಕೆ ಹಿಂಜರಿಯುವವರು ಕಡಮೆ. ಹಬ್ಬದ ದಿನ ಕೆಲಸದಾಕೆಗೆ ಹೋಳಿಗೆ ಕಟ್ಟಿಕೊಡುವ ಗೃಹಿಣಿಯರು ಹೊಳೆನರಸೀಪುರ ಚನ್ನರಾಯಪಟ್ಟಣಗಳಲ್ಲಿ ಬೀದಿಬೀದಿಗೂ ಇರುವರು. ಆದರೆ ಅದೇ ಹೆಂಗಸು ಮಗಳ ಮದುವೆಗೆ ಕರೆದರೆ ಹೋಗಿ, ಪಂಕ್ತಿಯಲ್ಲಿ ಕುಳಿತು ಉಂಡು ಬರುವವರು ಎಷ್ಟು ಮಂದಿ? ಕೊಡುವಾಗ ಕೈ ಮೇಲಿರುತ್ತದೆ, ತೆಗೆದುಕೊಳ್ಳುವಾಗ ಕೆಳಗಿರುತ್ತದೆ, ಕಷ್ಟವೆಲ್ಲ ಇಲ್ಲಿಯೇ. ಬರಿದೆ ಕೊಡುತ್ತ, ಎಂದಿಗೂ ತೆಗೆದುಕೊಳ್ಳದವನು ಇತರರನ್ನು ಸದಾ ಕೆಳಗೇ ನಿಲ್ಲಿಸುತ್ತಾನೆ. ಅಂಥ ದಾನದಲ್ಲಿ ಅಹಂಕಾರದ ಕಲಬೆರಕೆಯಿಲ್ಲವೆಂದು ಹೇಳಲು ನನಗೆ ಧೈರ್ಯ ಸಾಲದು. ಪರರ ಕೈಯಿಂದ ವಿನಯದಿಂದ ಉಣ್ಣುವುದೂ ಒಂದು ಧರ್ಮವೆಂದು ನಾನು ತಿಳಿಯುತ್ತೇನೆ.

ಈ ವಿನಯದ ಸವಿಯನ್ನು ನಮ್ಮ ಜಿಲ್ಲೆಯವರು ಅರಿಯದವರಲ್ಲ. ಹೇಮಾವತಿಯ ತೀರದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು (1904-1991) ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ‘ಅಮೆರಿಕದಲ್ಲಿ ಗೊರೂರು’ ಎಂಬ ಗ್ರಂಥವನ್ನು ಬರೆದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ಪರದೇಶವನ್ನು ನಗುಮುಖದಿಂದ ನೋಡಿದ ಅವರ ನಗೆಯಲ್ಲಿ ತಿರಸ್ಕಾರವಿಲ್ಲ.

ಕಡೆಯದಾಗಿ ಒಂದು ಮಾತು. ಶರಣರ ಗುಣವನ್ನು ಮರಣದಲ್ಲಿ ನೋಡೆಂಬ ಗಾದೆಯನ್ನು ಹಿಡಿದು, ಹೀಗೆ ಸತ್ತವರ ಬಾಳೆಲ್ಲ ಪೊಳ್ಳೆಂದು ತೀರ್ಪು ಕೊಡುವವರಿರುವರು. ಮನದೊಳಗಿನ ವ್ಯಾಧಿಯ ಭಾರವನ್ನು ಹೊರಗೆ ನಿಂತವರು ಅಳೆಯಲಾರರು. ಜ್ವರದಿಂದ ಸತ್ತವನ ಸುಕೃತವನ್ನು ಜ್ವರವು ಅಳಿಸುವುದಿಲ್ಲ, ಇದೂ ಹಾಗೆಯೇ. ನಮ್ಮ ನಾಡಿನಲ್ಲಿ ಎದುರಾದವರನ್ನು ಮೊದಲು ಕೇಳುವ ಮಾತು ‘ಊಟವಾಯಿತೆ?’ ಎಂಬುದು. ಅದನ್ನು ಬಾಯುಪಚಾರಕ್ಕೆ ಕೇಳಿ ಮುಂದೆ ಹೋಗದೆ, ಉತ್ತರಕ್ಕಾಗಿ ಒಂದು ಕ್ಷಣ ನಿಲ್ಲುವುದಾದರೆ, ನಗುವವರ ಒಳಗಿನ ಅಳಲೂ ಒಮ್ಮೊಮ್ಮೆ ನಮ್ಮ ಕಿವಿಗೆ ಬಿದ್ದೀತು.