ನೂರರ ಲೆಕ್ಕ

2013ರ ನವೆಂಬರ್ 16ರಂದು ಇಡೀ ಮುಂಬಯಿ ವಾಂಖೇಡೆ ಮೈದಾನದತ್ತ ಮುಖ ಮಾಡಿತ್ತು. ಸಚಿನ್ ತೆಂಡೂಲ್ಕರ್ ಅಂದು ಆಟಕ್ಕೆ ವಿದಾಯ ಹೇಳಿದರು. ಅಂದೇ ಅವರಿಗೆ ಭಾರತರತ್ನವೂ ಘೋಷಣೆಯಾಯಿತು. ಅದೇ ಪ್ರಕಟಣೆಯಲ್ಲಿ ಇನ್ನೊಂದು ಹೆಸರಿತ್ತು: ಬೆಂಗಳೂರಿನ ಪ್ರೊ. ಸಿ. ಎನ್. ಆರ್. ರಾವ್. "ಇವರು ಯಾರು?" ಎಂದು ನೆರೆಮನೆಯವರು ಕೇಳಿದಾಗ, ಕನ್ನಡಿಗರೆಂಬ ಅಭಿಮಾನವೂ ಹಳೆಯ ಬಿ.ಎಸ್ಸಿ.ಯ ಹುಮ್ಮಸ್ಸೂ ಸೇರಿ, "ನಿಮ್ಮ ಸಚಿನ್‌ಗೆ ನೂರು ಶತಕವಾದರೆ, ನಮ್ಮವರಿಗೂ ಒಂದು ನೂರು ಇದೆ" ಎಂದುಬಿಟ್ಟೆವು.

ಆ ನೂರು ಯಾವುದೆಂದು ಹೇಳಬೇಕು. ಒಬ್ಬ ವಿಜ್ಞಾನಿಯ ಪ್ರಬಂಧವನ್ನು ಬೇರೊಬ್ಬರು ತಮ್ಮ ಪ್ರಬಂಧದಲ್ಲಿ ಹೆಸರಿಸಿದರೆ ಅದು ಒಂದು ಉಲ್ಲೇಖ. ನೂರು ಪ್ರಬಂಧಗಳು ಒಂದೊಂದೂ ಕನಿಷ್ಠ ನೂರು ಸಲ ಉಲ್ಲೇಖಗೊಂಡರೆ ಆ ವಿಜ್ಞಾನಿಯ ಎಚ್-ಇಂಡೆಕ್ಸ್ ನೂರು. ಇದು 2005ರಲ್ಲಿ ಹರ್ಷ್ ಎಂಬ ಭೌತವಿಜ್ಞಾನಿ ಹೇಳಿಕೊಟ್ಟ ಲೆಕ್ಕ. ರಾವ್ ಅವರು 2013ರಲ್ಲಿ ಆ ನೂರನ್ನು ಮುಟ್ಟಿದ್ದರು. ಪ್ರಶಸ್ತಿಯ ಪ್ರಕಟಣೆಯಲ್ಲಿ 1,400 ಪ್ರಬಂಧಗಳು, 45 ಪುಸ್ತಕಗಳು ಎಂದಿತ್ತು.

"ಅಷ್ಟೊಂದು ಬರೆದರು, ಸರಿ. ಏನು ಕಂಡುಹಿಡಿದರು?" ಎಂದು ನೆರೆಮನೆಯ ಹುಡುಗಿ ಕೇಳಿದಳು. ನಮಗೆ ಮಾತು ಹೊರಡಲಿಲ್ಲ. ಅಂಕಿ ಬಾಯಿಪಾಠವಾಗಿತ್ತು, ಕೆಲಸ ತಿಳಿದಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆವು. 1951ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಪಡೆದ ರಾವ್, ಅಮೆರಿಕದಲ್ಲಿ ಡಾಕ್ಟರೇಟ್ ಮುಗಿಸಿ 1959ರಲ್ಲಿ ಬೆಂಗಳೂರಿಗೆ ಮರಳಿದರು. ಲೋಹಗಳ ಆಕ್ಸೈಡುಗಳು ಅವರ ಮುಖ್ಯ ಕ್ಷೇತ್ರ. ಇವುಗಳಲ್ಲಿ ಕೆಲವು ಬಿಸಿಯಿದ್ದಾಗ ವಿದ್ಯುತ್ತನ್ನು ಹರಿಯಗೊಡುತ್ತವೆ, ತಣ್ಣಗಾದರೆ ತಡೆಯುತ್ತವೆ. ಹೀಗೇಕೆ ಎಂದು ಅವರು ದಶಕಗಳ ಕಾಲ ಹುಡುಕಿದರು. 1987ರಲ್ಲಿ, ದ್ರವ ಸಾರಜನಕದಷ್ಟು ತಂಪಿನಲ್ಲೇ ತಡೆಯಿಲ್ಲದೆ ವಿದ್ಯುತ್ ಹರಿಸುವ ತಾಮ್ರದ ಆಕ್ಸೈಡುಗಳ ಬೆನ್ನು ಹತ್ತಿದ ತಂಡಗಳಲ್ಲಿ ಬೆಂಗಳೂರಿನದೂ ಒಂದು. ನೂರರ ಹಿಂದೆ ಇಷ್ಟು ದುಡಿಮೆ ಇತ್ತು.

ಆದರೆ ಎಲ್ಲ ಅಂಕಿಗಳ ಹಿಂದೆಯೂ ದುಡಿಮೆ ಇರುತ್ತದೆಯೇ? ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಶೋನ್ ಎಂಬ ತರುಣ 2001ರಲ್ಲಿ ಸರಾಸರಿ ಎಂಟು ದಿನಕ್ಕೊಂದು ಪ್ರಬಂಧಕ್ಕೆ ಹೆಸರು ಹಾಕುತ್ತಿದ್ದ. 2002ರಲ್ಲಿ ವಿಚಾರಣೆ ನಡೆದಾಗ, ಬೇರೆ ಬೇರೆ ಪ್ರಯೋಗಗಳಿಗೆ ಒಂದೇ ನಕ್ಷೆ ಹಚ್ಚಿದ್ದು ಬಯಲಾಯಿತು. 24 ಆರೋಪಗಳಲ್ಲಿ 16 ಸಾಬೀತಾದವು. ಇತ್ತ ಇಸ್ರೇಲಿನ ಶೆಖ್ಟ್‌ಮನ್ 1982ರ ಏಪ್ರಿಲ್‌ನಲ್ಲಿ, ಇರಲಾರದೆಂದು ಪುಸ್ತಕಗಳು ಹೇಳುತ್ತಿದ್ದ ಹರಳಿನ ವಿನ್ಯಾಸವೊಂದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಸಂಗಡಿಗರು ನಂಬಲಿಲ್ಲ, ತಂಡ ಬಿಡಬೇಕಾಯಿತು. ಪ್ರಬಂಧ ಅಚ್ಚಾದದ್ದು 1984ರಲ್ಲಿ, ನೊಬೆಲ್ ಬಂದದ್ದು 2011ರಲ್ಲಿ. ಮೊದಲ ಎರಡು ವರ್ಷ ಆ ಸತ್ಯಕ್ಕೆ ಒಂದು ಉಲ್ಲೇಖವೂ ಇರಲಿಲ್ಲ. ಸತ್ಯ ಮಾತ್ರ ಆಗಲೂ ಅಷ್ಟೇ ಸತ್ಯವಾಗಿತ್ತು.

ಹಾಗಾದರೆ ಲೆಕ್ಕವೇ ಬೇಡವೆನ್ನೋಣವೆ? ಅದೂ ಸರಿಯಲ್ಲ. ಹಿಂದೆ ಬಲವಿಲ್ಲದ, ಸಣ್ಣ ಊರಿನಿಂದ ಬಂದ ಹುಡುಗನಿಗೆ ಮೇಲಿನವರ ಮರ್ಜಿಗಿಂತ ಅಂಕಿಯೇ ವಾಸಿ. ತಪ್ಪಿರುವುದು ಎಣಿಕೆಯಲ್ಲಲ್ಲ, ಎಣಿಕೆಗಾಗಿಯೇ ಕೆಲಸ ಮಾಡುವುದರಲ್ಲಿ.

ಇದನ್ನು ಬರೆಯಲು ನಮಗೇನು ಅಧಿಕಾರವೆಂದರೆ, ನಾವೂ ಆ ತಪ್ಪು ಮಾಡಿದವರು. ಕೇಂದ್ರ ಸರಕಾರದ ಗುಮಾಸ್ತರಿಗೂ ವಾರ್ಷಿಕ ವರದಿಯಲ್ಲಿ ಹತ್ತಕ್ಕೆ ಇಷ್ಟೆಂದು ಅಂಕ ಉಂಟು. ತಿಂಗಳ ಕೊನೆಗೆ ವಿಲೇವಾರಿಯ ಪಟ್ಟಿ ಉಂಟು. ಒಮ್ಮೆ ಒಬ್ಬ ವಿಧವೆಯ ಕುಟುಂಬ ಪಿಂಚಣಿಯ ಫೈಲು ಬಂತು. ಹೆಸರು ಎರಡು ಕಾಗದಗಳಲ್ಲಿ ಎರಡು ಬಗೆಯಾಗಿತ್ತು. ಹಳೆಯ ದಾಖಲೆ ಹುಡುಕಿದರೆ ಎರಡು ದಿನದ ಕೆಲಸ. ತಿಂಗಳ ಕೊನೆ ಬಂದಿತ್ತು. "ಸ್ಪಷ್ಟೀಕರಣ ಒದಗಿಸುವುದು" ಎಂದು ಷರಾ ಬರೆದು ವಾಪಸು ಕಳಿಸಿದೆವು. ಪಟ್ಟಿಯಲ್ಲಿ ಒಂದು ವಿಲೇವಾರಿ. ಅದು ತಿರುಗಿ ಬಂದಾಗ ಮತ್ತೊಂದು ಷರಾ, ಮತ್ತೊಂದು ವಿಲೇವಾರಿ. ಒಂದು ಸಂಶೋಧನೆಯನ್ನು ತುಂಡರಿಸಿ ಮೂರು ಪ್ರಬಂಧ ಮಾಡುವ ವಿದ್ಯೆ ಇದಕ್ಕಿಂತ ಬೇರೆಯಲ್ಲ.

ಆರು ತಿಂಗಳ ಮೇಲೆ ಆಕೆಯೇ ಕಚೇರಿಗೆ ಬಂದರು. ಜಗಳವಾಡಲಿಲ್ಲ. "ಸಾಹೇಬರೇ, ನನ್ನ ಕಾಗದ ಏನಾಯಿತು?" ಎಂದು ಮರಾಠಿಯಲ್ಲಿ ಕೇಳಿದರು, ಅಷ್ಟೆ. ನಮ್ಮ ಪಟ್ಟಿಯ ಪ್ರಕಾರ ಅದು ಎರಡು ಸಲ ಮುಗಿದಿತ್ತು. ಆಕೆಯ ಕೈಗೆ ಒಂದು ರೂಪಾಯಿಯೂ ಸೇರಿರಲಿಲ್ಲ.

ಮರುದಿನ ದಾಖಲೆ ಕೋಣೆಗೆ ಹೋಗಿ ಕೂತೆವು. ಎರಡು ದಿನವಲ್ಲ, ಮೂರು ದಿನ ಹಿಡಿಯಿತು. ಆ ತಿಂಗಳ ನಮ್ಮ ಪಟ್ಟಿ ಸೊರಗಿತ್ತು, ಮೇಲಧಿಕಾರಿಗಳು ಹುಬ್ಬು ಗಂಟಿಕ್ಕಿದರು. ಅವರ ಲೆಕ್ಕದಲ್ಲಿ ಅದೂ ಒಂದೇ ಫೈಲು.

ಮಕ್ಕಳು ಮಾರ್ಕ್ಸ್ ಕಾರ್ಡ್ ಹಿಡಿದು ಬಂದಾಗ ಎಷ್ಟು ಬಂತೆಂದು ನಾವೆಲ್ಲರೂ ಕೇಳುತ್ತೇವೆ. ಕೇಳೋಣ, ತಪ್ಪಿಲ್ಲ. ಅದರ ಬೆನ್ನಿಗೇ ಆ ನೆರೆಮನೆಯ ಹುಡುಗಿ ಕೇಳಿದ್ದನ್ನೂ ಕೇಳಬೇಕು. ಮಕ್ಕಳನ್ನು ಕೇಳುವ ಮೊದಲು ನಮ್ಮನ್ನೇ ಕೇಳಿಕೊಂಡರೆ ಇನ್ನೂ ಒಳ್ಳೆಯದು.