ಹಳೆಯ ಕಾರು, ಹೊಸ ಚಕ್ರ

ಹಿರಿಯರಿಂದ ಕೈಸೇರಿದ ವಸ್ತುವನ್ನು ಇದ್ದಂತೆಯೇ ಉಳಿಸುವುದು ಧರ್ಮವೋ, ಬಳಕೆಗೆ ತಕ್ಕಂತೆ ಮಾರ್ಪಡಿಸುವುದು ಧರ್ಮವೋ? ಈ ಪ್ರಶ್ನೆ ದೊಡ್ಡ ವಿಷಯಗಳಲ್ಲಿ ಮಾತ್ರ ಏಳುವುದೆಂದು ಭಾವಿಸಬೇಕಾಗಿಲ್ಲ. ಹಳೆಯ ಕಾರೊಂದರ ಸ್ಟಿಯರಿಂಗ್ ಚಕ್ರವೂ ಅದನ್ನು ನಮ್ಮ ಮುಂದಿಡಬಲ್ಲದು.

ಕಾಸರಗೋಡು, ಕುಂಬಳೆ, ಮಂಜೇಶ್ವರಗಳ ಟ್ಯಾಕ್ಸಿ ನಿಲ್ದಾಣಗಳಲ್ಲಿ ಒಂದು ಕಾಲಕ್ಕೆ ಸಾಲುಗಟ್ಟಿ ನಿಲ್ಲುತ್ತಿದ್ದ ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೂ ತಂದೆಯ ಕಾಲದ ಕಾರನ್ನು ಜತನವಾಗಿ ಇರಿಸಿಕೊಂಡವರು ಇದ್ದಾರೆ. ಬಿಸಿಲು, ಬೆವರು, ಕಡಲ ಹವೆಗಳಿಂದ ಅದರ ಚಕ್ರದ ಮೇಲ್ಪದರ ಬಿರಿಯುತ್ತದೆ. ಬೇರೆಯವರು ತಯಾರಿಸಿದ, ಚರ್ಮ ಹೊದಿಸಿದ ಪುಟ್ಟ ಚಕ್ರ ಪೇಟೆಯಲ್ಲಿ ದೊರೆಯುತ್ತದೆ. ಅದನ್ನು ಜೋಡಿಸಬಹುದೆ?

ಕೂಡದೆನ್ನುವವರ ವಾದದಲ್ಲಿ ಹುರುಳಿಲ್ಲದಿಲ್ಲ. ಕಾರಿನ ಅಂಗಗಳಲ್ಲಿ ಮನುಷ್ಯನ ಕೈ ಎಡೆಬಿಡದೆ ಹಿಡಿದಿರುವುದು ಇದೊಂದನ್ನೇ. ತಂದೆಯ ಅಂಗೈ ನಯಗೊಳಿಸಿದ ಎಡೆಯನ್ನೇ ಮಗನ ಅಂಗೈ ಮುಟ್ಟುತ್ತದೆ. ಆದರೆ ‘ಮೂಲ’ವೆಂಬುದು ಎಲ್ಲಿ ಮೊದಲಾಗುತ್ತದೆ? ಅಂಬಾಸಡರ್ ತಾನೇ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಿಂದ ಬಂಗಾಳದ ಉತ್ತರಪಾಡಾದಲ್ಲಿ ರೂಪುಗೊಂಡದ್ದು. ಟಯರು, ಬ್ಯಾಟರಿಗಳು ಎಷ್ಟು ಸಲ ಬದಲಾದರೂ ಅದು ಬೇರೆ ಕಾರಾಯಿತೆಂದು ಯಾರೂ ಹೇಳರು. 50 ವರ್ಷ ದಾಟಿದ ವಾಹನವನ್ನು ‘ವಿಂಟೇಜ್’ ಎಂದು ಮನ್ನಿಸುವ 2021ರ ಕೇಂದ್ರ ನಿಯಮವೂ ಮೂಲರೂಪ ಉಳಿದಿರಬೇಕೆಂದು ವಿಧಿಸುವಾಗ ಚಾಸಿ, ಮೈಕಟ್ಟು, ಎಂಜಿನುಗಳ ಮಾರ್ಪಾಟನ್ನೇ ಹೆಸರಿಸುತ್ತದೆ.

‘ನನ್ನ ಸೊತ್ತು, ನನ್ನ ಇಷ್ಟ’ ಎಂಬ ಎದುರುವಾದವೂ ಪೂರ್ಣವಲ್ಲ. ಬಣ್ಣ ಒಡೆಯನ ರುಚಿಗೆ ಸೇರಿದ್ದು, ಚಕ್ರ ಹಾಗಲ್ಲ. 16 ಅಂಗುಲದ ಚಕ್ರವನ್ನು ತೆಗೆದು 14 ಅಂಗುಲದ್ದನ್ನು ಹಾಕಿದರೆ, ಅದೇ ತಿರುವಿಗೆ ಕೈಗಳು ಏಳರಲ್ಲೊಂದು ಪಾಲು ಹೆಚ್ಚು ಬಲ ಹಾಕಬೇಕು. ಪವರ್ ಸ್ಟಿಯರಿಂಗ್ ಇಲ್ಲದ ಹಳೆಯ ಕಾರುಗಳಿಗೆ ದೊಡ್ಡ ಚಕ್ರವಿಟ್ಟದ್ದು ಅಂದಕ್ಕಾಗಿ ಅಲ್ಲ. ಚಕ್ರದ ನಡುವಣ ಒಳಹಲ್ಲುಗಳು ಸ್ಟಿಯರಿಂಗ್ ದಂಡದ ಹಲ್ಲುಗಳೊಡನೆ ಸರಿಯಾಗಿ ಕೂಡಬೇಕು, ನಟ್ಟು ಬಿಗಿಯಾಗಬೇಕು, ಹಾರ್ನಿನ ತಂತಿಗೆ ಮತ್ತೆ ಸಂಪರ್ಕ ದೊರೆಯಬೇಕು. ಒಂದು ತಪ್ಪಿದರೂ ಮುಳ್ಳೇರಿಯದ ಕಡೆಯ ತಿರುವಿನಲ್ಲಿ ಅದರ ಫಲವನ್ನುಣ್ಣುವವನು ದಾರಿಹೋಕ. ಅವನ ಒಪ್ಪಿಗೆಯನ್ನು ಯಾರು ಕೇಳಿದ್ದಾರೆ? ನೋಂದಣಿಯ ವಿವರಗಳು ತಯಾರಕರು ಮೊದಲು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ 2019ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಒಡೆತನಕ್ಕೆ ಎಲ್ಲೆಯುಂಟೆಂಬುದೇ ಇದರ ಇಂಗಿತ.

ಹಾಗಾದರೆ ಬದಲಿಸಿಯೂ ನಿಷ್ಠೆಯನ್ನು ಉಳಿಸಿಕೊಳ್ಳುವ ದಾರಿ ಇದೆಯೆ? ಕುಂಬಳೆಯ ಸಮೀಪದ ಅನಂತಪುರದ ಸರೋವರ ಕ್ಷೇತ್ರವನ್ನು ನೆನೆಯೋಣ. ಅಲ್ಲಿಯ ಮೂಲ ವಿಗ್ರಹಗಳು ಕಲ್ಲಿನವಲ್ಲ, ಲೋಹದವೂ ಅಲ್ಲ. ಅನೇಕ ಔಷಧದ್ರವ್ಯಗಳನ್ನು ಕೂಡಿಸಿ ಮಾಡಿದ ಕಡುಶರ್ಕರ ಪಾಕದವು. 1972ರಲ್ಲಿ ಅವುಗಳ ಎಡೆಯಲ್ಲಿ ಪಂಚಲೋಹದ ವಿಗ್ರಹಗಳು ಬಂದವು. ಪೂಜೆ ನಿಲ್ಲಲಿಲ್ಲ, ಹಿಂದೆ ಏನಿತ್ತೆಂಬುದನ್ನು ಯಾರೂ ಮರೆಮಾಚಲೂ ಇಲ್ಲ. ದೇವಬಿಂಬಕ್ಕೂ ಯಂತ್ರಕ್ಕೂ ಸಾಟಿಯಿಲ್ಲ, ನಿಜ. ಆದರೂ ದ್ರವ್ಯ ಬದಲಾದ ಮಾತ್ರಕ್ಕೆ ಸಂಬಂಧ ಕಡಿಯಬೇಕಾಗಿಲ್ಲವೆಂಬ ಪಾಠ ಅಲ್ಲಿದೆ. ಬದಲಾದದ್ದನ್ನು ಬದಲಾಯಿತೆಂದೇ ಹೇಳುವ ಪ್ರಾಮಾಣಿಕತೆಯೊಂದು ಬೇಕು.

ಬಿರಿದ ಚಕ್ರ ದುರಸ್ತಿಗೆ ಒದಗುವುದಾದರೆ ಅದೇ ಲೇಸು. ಒದಗದಿದ್ದರೆ ಹೊಸದನ್ನು ಜೋಡಿಸುವುದು ದ್ರೋಹವಲ್ಲ. ಆದರೆ ಅದರ ಅಳತೆ ಹಳೆಯದಕ್ಕೆ ಸಮನಾಗಿರಲಿ. ಅದನ್ನು ಕೂರಿಸುವುದಕ್ಕೆಂದು ದಂಡವನ್ನು ಕೊಯ್ಯುವುದು, ಅರದಿಂದ ತಿಕ್ಕುವುದು ಬೇಡ. ತೆಗೆದ ಚಕ್ರ ಗುಜರಿಗೆ ಹೋಗದೆ ಬಟ್ಟೆ ಸುತ್ತಿಕೊಂಡು ಅಟ್ಟದ ಮೇಲಿರಲಿ. ಕಾರನ್ನು ಮಾರುವ ದಿನ ಬಂದರೆ ಕೊಳ್ಳುವವನಿಗೆ ಅದನ್ನೂ ಒಪ್ಪಿಸಿ ನಡೆದದ್ದನ್ನು ತಿಳಿಸಲಿ. ನಮ್ಮ ಅಗತ್ಯ ನಮ್ಮ ಕಾಲದ್ದು; ವಸ್ತು ನಮ್ಮ ಕಾಲಕ್ಕಷ್ಟೇ ಸೇರಿದ್ದಲ್ಲ. ನಾವು ಒಲ್ಲೆನೆಂದದ್ದನ್ನು ಮುಂದಿನವನು ಬಯಸಬಹುದು. ಅವನು ಬಯಸಿದಾಗ ಅದು ಅವನಿಗೆ ದೊರೆಯುವಂತಿರಬೇಕು.